ಬೀಜ ಕಟ್ಟದ ಹೂವು ಗುಡ್ಡ ದಾಟಿದ ಬಗೆ

೧

ಎಲ್ಲಿಂದ ಶುರು ಮಾಡಲಿ? ಹೂವಿನಿಂದ ಶುರು ಮಾಡಿದರೆ ನೀವು ಇದನ್ನು ಸಸ್ಯಶಾಸ್ತ್ರದ ಪಾಠವೆಂದುಕೊಂಡು ಪುಟ ಮಗುಚುತ್ತೀರಿ. ಗಂಡ ಹೆಂಡತಿಯಿಂದ ಶುರು ಮಾಡಿದರೆ ಮತ್ತೊಂದು ದಾಂಪತ್ಯದ ಕಥೆ ಎಂದುಕೊಳ್ಳುತ್ತೀರಿ. ಮಳೆಯಿಂದಂತೂ ಶುರು ಮಾಡುವ ಹಾಗಿಲ್ಲ. ಐರ್ಲೆಂಡಿನ ಪಡುವಣ ಕರಾವಳಿಯಲ್ಲಿ ಮಳೆಯಿಂದ ಶುರುವಾದ ಕಥೆ ಮಳೆಯಲ್ಲೇ ಮುಗಿಯುತ್ತದೆ, ನಡುವೆ ಬೇರೆ ಏನಕ್ಕೂ ಜಾಗ ಸಿಗುವುದಿಲ್ಲ.

ನನ್ನ ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: ‘ಆಗಸ್ಟಿನ ಆ ಬೆಳಗ್ಗೆ ಲೆಟರ್‌ಬಾನ್ ಗುಡ್ಡ ನೇರಳೆ ಶಾಲು ಹೊದ್ದು ಮಲಗಿತ್ತು.’ ಇದನ್ನು ಇಂಗ್ಲಿಷಿಗೆ ತಿರುಗಿಸಿ ಅಟ್ರಾಕ್ಟಾ ಅವರಿಗೆ ಓದಿ ಹೇಳಿದೆ. ಅವರು ಈ ಕಥೆಯ ನಾಯಕಿ.

“ಗುಡ್ಡ ಮಲಗಲ್ಲ” ಎಂದರು ಅವರು. “ಶಾಲೂ ಹೊದೆಯಲ್ಲ. ನೇರಳೆ ಅಂದ್ರೆ ಯಾವ ಗಿಡದ ನೇರಳೆ? ಅದನ್ನ ಬರಿ.”

ಕರಡು ಹರಿದೆ. ಹಾಗಾಗಿ ಈ ಕಥೆಗೆ ಚಂದದ ಮೊದಲ ಸಾಲು ಇಲ್ಲ. ದಯವಿಟ್ಟು ಹೊಂದಿಕೊಳ್ಳಿ.

೨

ನಾನು ಡೆರಿಗೋವ್ನ ಎಂಬ ಈ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಊರಿನ ಎಲ್ಲರ ರಕ್ತದೊತ್ತಡ ನನಗೆ ಗೊತ್ತು. ಕಥೆಗಾರಳಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇರೆ ಬೇಕಿಲ್ಲ. ಇಲ್ಲಿನವರ ಮಾತನ್ನು ನಾನು ನನ್ನ ತಾಯಿಯ ಬೀದಿಯ ಕನ್ನಡಕ್ಕೆ ಇಳಿಸಿದ್ದೇನೆ. ಫೆಸ್ಟಿ ಮಲ್ಕೆರಿನ್ ಎಂಬ ಮುದುಕ ನಿಮಗೆ ಹಾಸನದ ಕಡೆಯವನ ಹಾಗೆ ಕೇಳಿಸಿದರೆ ಅದು ನನ್ನ ತಪ್ಪು, ಅವನದಲ್ಲ.

ಅಟ್ರಾಕ್ಟಾ ಲವೆಲ್ ಈ ಊರಿನ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಸಂಬಳವಿಲ್ಲದ ಇನ್ನೊಂದು ಕೆಲಸವೂ ಅವರಿಗಿದೆ. ಈ ಜಿಲ್ಲೆಯಲ್ಲಿ ಯಾವ ಕಾಡುಗಿಡ ಎಲ್ಲಿ ಬೆಳೆಯುತ್ತದೆ ಎಂದು ನೋಡಿ ಡಬ್ಲಿನ್ನಿನ ವಿದ್ವಾಂಸರಿಗೆ ತಿಳಿಸುವುದು. ಅವರ ಗಂಡ ಬಾರ್ಟ್ಲಿ. ಒಂದು ಕಾಲದಲ್ಲಿ ವ್ಯಾನಿನಲ್ಲಿ ಮೀನು ಹಾಕಿಕೊಂಡು ಗುಡ್ಡದ ಆಚೆಯ ಹಳ್ಳಿಗಳಿಗೆಲ್ಲ ಹೋಗಿ ಮಾರುತ್ತಿದ್ದ. (ಹೆಂಡತಿಗೆ ಬಹುವಚನ, ಗಂಡನಿಗೆ ಏಕವಚನ ಯಾಕೆಂದು ಕೇಳಬೇಡಿ. ಇಂಗ್ಲಿಷಿನಲ್ಲಿ ಆ ವ್ಯತ್ಯಾಸವಿಲ್ಲ, ಆದರೂ ಊರಿನವರೆಲ್ಲ ಅದನ್ನು ಪಾಲಿಸುತ್ತಾರೆ.)

ಮೂರನೆಯವನು ಫೆಸ್ಟಿ. ಬ್ರಹ್ಮಚಾರಿ, ಕುರಿ ಸಾಕುವವನು, ಬಾರ್ಟ್ಲಿಯ ಬಾಲ್ಯದ ಗೆಳೆಯ. ಪ್ರತಿ ಗುರುವಾರ ಸಂಜೆ ಲವೆಲ್ ಮನೆಯ ಅಡುಗೆಮನೆಗೆ ಬಂದು ಬಾರ್ಟ್ಲಿಯ ಜೊತೆ ಇಸ್ಪೀಟಾಡುತ್ತಾನೆ. ಆದರೆ ಅಟ್ರಾಕ್ಟಾ ಅವರ ಜೊತೆ ಮಾತಾಡುವುದಿಲ್ಲ. ಅವರದೇ ಅಡುಗೆಮನೆಯಲ್ಲಿ ಕೂತು, ಅವರು ಮಾಡಿದ ಚಹಾ ಕುಡಿಯುತ್ತ, “ಬಾರ್ಟ್ಲಿ, ಸಕ್ಕರೆ ಸ್ವಲ್ಪ ಕಮ್ಮಿ ಆಯ್ತು ಅಂತ ಹೇಳು” ಎನ್ನುತ್ತಾನೆ. ಬಾರ್ಟ್ಲಿ ತಲೆ ಎತ್ತದೆ “ಸಕ್ಕರೆ ಕಮ್ಮಿ ಅಂತೆ” ಎನ್ನುತ್ತಾನೆ. ಅವರು ಸಕ್ಕರೆ ಡಬ್ಬಿಯನ್ನು ಮೇಜಿಗೆ ನೂಕುತ್ತಾರೆ. ಮದುವೆಯಾದ ಕೆಲವೇ ವರ್ಷಕ್ಕೆ ಶುರುವಾದ ಈ ಏರ್ಪಾಡು ಎಷ್ಟು ಚೆನ್ನಾಗಿ ನಡೆಯುತ್ತಿತ್ತೆಂದರೆ, ಅದು ಜಗಳ ಎಂಬುದೇ ಮೂವರಿಗೂ ಮರೆತುಹೋದಂತಿತ್ತು.

ಜಗಳಕ್ಕೆ ಕಾರಣ ಒಂದು ಹೂವು. ನೋಡಿ, ಹೂವಿನಿಂದಲೇ ಶುರು ಮಾಡಬಹುದಿತ್ತು.

೩

ನಮ್ಮ ಜವುಗು ಬಯಲಿನಲ್ಲಿ ಹೀದರ್ ಎಂಬ ಕುಳ್ಳು ಪೊದೆ ಬೆಳೆಯುತ್ತದೆ. ಬೇಸಿಗೆಯ ಕೊನೆಗೆ ಸಣ್ಣ ಗಂಟೆಗಳಂಥ ಗುಲಾಬಿ ಹೂ ಬಿಡುತ್ತದೆ. ಒದ್ದೆ ನೆಲವಿದ್ದಲ್ಲೆಲ್ಲ ಸಿಗುವುದು ಅಡ್ಡೆಲೆ ಹೀದರ್: ಶಿಲುಬೆಯ ಹಾಗೆ ನಾಲ್ಕು ನಾಲ್ಕು ಎಲೆ, ಬೂದು ರೋಮ, ಮಾಸಲು ಗುಲಾಬಿ ಹೂ. ಅದರದೇ ಚಿಕ್ಕಮ್ಮನ ಮಗಳಂತಿರುವ ಇನ್ನೊಂದಿದೆ, ಮಕಾಯ್ ಹೀದರ್. ಅದಕ್ಕೂ ನಾಲ್ಕು ನಾಲ್ಕು ಎಲೆ, ಅದೂ ಗುಲಾಬಿ. ಆದರೆ ಅಪರೂಪದ್ದು. ಗುಡ್ಡದ ಆಚೆ ಮಗ್ಗುಲಲ್ಲಿ, ಕೆರೆಗಳ ನಡುವಿನ ಬಯಲಿನಲ್ಲಿ ಇದೆ. ಈಚೆ ಮಗ್ಗುಲಲ್ಲಿ ಇಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು.

ಪುಸ್ತಕಗಳು ತಪ್ಪೆಂದು ತರುಣಿ ಅಟ್ರಾಕ್ಟಾಗೆ ಅನಿಸಿತ್ತು. ಆಗ ಅವರಿಗೆ ಮದುವೆಯಾಗಿರಲಿಲ್ಲ. ಬೇರೆ ಜಿಲ್ಲೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದರು. ಬೇಸಿಗೆ ರಜೆಯಲ್ಲೆಲ್ಲ ಈಚೆ ಮಗ್ಗುಲಿನ ಬಯಲನ್ನು ಮೊಣಕಾಲ ಮೇಲೆ ತೆವಳಿ ಹುಡುಕಿದರು. ಸಿಗಲಿಲ್ಲ. ಡಬ್ಲಿನ್ನಿನ ಶಾಲೆಯೊಂದಕ್ಕೆ ವರ್ಗ ಕೇಳಿದರು, ಅದು ಸಿಕ್ಕಿತು. ಡಬ್ಬಗಳನ್ನು ಕಟ್ಟಿಟ್ಟರು. ಹೊರಡುವ ಮುಂಚೆ ಮಕ್ಕಳನ್ನು ಲೆಟರ್‌ಬಾನ್ ಗುಡ್ಡಕ್ಕೆ ಪಿಕ್ನಿಕ್ಕಿಗೆ ಕರೆದುಕೊಂಡು ಹೋದಾಗ, ಫೆಸ್ಟಿಯ ಅಜ್ಜನ ಕಾಲದ ಟರ್ಫ್ ಗುಂಡಿಯ ಪಕ್ಕದಲ್ಲೇ ಅದು ಅರಳಿ ನಿಂತಿತ್ತು.

ಅವರು ವರ್ಗ ಬೇಡವೆಂದು ಬರೆದು ಹಾಕಿದರು. ಮುಂದಿನ ವಸಂತದಲ್ಲಿ ಬಾರ್ಟ್ಲಿಯನ್ನು ಮದುವೆಯಾದರು. ಅವರ ಹೆಸರು ಜಿಲ್ಲೆಯ ಗಿಡಗಳ ಪುಸ್ತಕದಲ್ಲಿ ಅಚ್ಚಾಯಿತು. ಕೆಲವು ವರ್ಷಗಳ ನಂತರ ಆ ಇಳಿಜಾರನ್ನು ರಕ್ಷಿತ ಜಾಗವೆಂದು ಗುರುತು ಮಾಡಿದರು. ಅಲ್ಲಿ ಟರ್ಫ್ ಕೊಯ್ಯಬಾರದು. ಟರ್ಫ್ ಎಂದರೆ ಜವುಗು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಒಲೆಗೆ ಹಾಕುವುದು. ಫೆಸ್ಟಿಯ ಮನೆಯಲ್ಲಿ ಅಜ್ಜನ ಕಾಲದಿಂದ ಉರಿದದ್ದು ಆ ಗುಂಡಿಯದೇ. ಅಂದಿನಿಂದ ಅವನು ಕಲ್ಲಿದ್ದಲು ತರಿಸಿದ. ಅವನ ತಾಯಿ ಸಾಯುವ ತನಕ ಆ ವಾಸನೆಗೆ ಒಗ್ಗಲಿಲ್ಲ. ಸಕ್ಕರೆಯ ಮಾತು ಬಾರ್ಟ್ಲಿಯ ಮೂಲಕ ಹೋಗತೊಡಗಿದ್ದು ಆಗ.

ಆ ಪಿಕ್ನಿಕ್ಕಿಗೆ ಲೆಟರ್‌ಬಾನ್ ಗುಡ್ಡವನ್ನೇ ಸೂಚಿಸಿದವರು ಯಾರು? ಮೂವರನ್ನೂ ಕೇಳಿದ್ದೇನೆ. ಅಟ್ರಾಕ್ಟಾ ಅವರು ಬಾರ್ಟ್ಲಿ ಎನ್ನುತ್ತಾರೆ. ಬಾರ್ಟ್ಲಿ ಫೆಸ್ಟಿ ಎನ್ನುತ್ತಾನೆ. ಫೆಸ್ಟಿ ಅಂದಿನ ಪಾದ್ರಿ ಎನ್ನುತ್ತಾನೆ. ಪಾದ್ರಿ ತೀರಿಕೊಂಡಿದ್ದಾರೆ.

೩ (ಮತ್ತೆ, ಹಿಂದಿನದು ಹಳೆಯ ಕಥೆ, ಇದು ಹೊಸದು)

ಕಳೆದ ಬೇಸಿಗೆಯಲ್ಲಿ ಡಬ್ಲಿನ್ನಿನಿಂದ ಒಂದು ಇಮೇಲ್ ಬಂತು. ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಪರೀಕ್ಷಿಸುತ್ತಿದ್ದಾರೆ, ಲೆಟರ್‌ಬಾನಿನ ಗಿಡ ನಿಜಕ್ಕೂ ಮಕಾಯ್ ಹೌದೋ, ಅಥವಾ ಅಡ್ಡೆಲೆಯೋ, ಅಥವಾ ಎರಡರ ಮಿಶ್ರತಳಿಯೋ ನೋಡಬೇಕು, ಕ್ಲೀನಾ ಟೂಮಿ ಎಂಬ ಸಂಶೋಧಕಿ ಬರುತ್ತಾಳೆ ಎಂದಿತ್ತು.

ಅಟ್ರಾಕ್ಟಾ ಅವರು ನನ್ನ ಅಂಗಡಿಗೆ ಬಂದು ಮಂಡಿನೋವಿನ ಮಾತ್ರೆ ಕೇಳಿದರು, ಎರಡು ಪಟ್ಟು. “ಗುಡ್ಡ ಹತ್ತಬೇಕು. ನನಗೆ ಅಡ್ಡೆಲೆ ಯಾವುದು ಅಂತ ಗೊತ್ತಿಲ್ಲ ಅಂತ ಒಬ್ಬಳು ಹುಡುಗಿ ಹೇಳೋಕೆ ಬರ್ತಿದಾಳೆ. ನೀನೂ ಬಾ. ಸಾಕ್ಷಿ ಬೇಕು.”

ಹೀಗೆ ನಾನು ಕಥೆಯೊಳಗೆ ಬಂದೆ. ಕರೆದರು, ಹೋದೆ.

ಕ್ಲೀನಾಳನ್ನು ಎರಡನೆಯ ಕರಡಿನಲ್ಲಿ ಸೊಕ್ಕಿನವಳನ್ನಾಗಿ ಮಾಡಿದ್ದೆ. ದುಬಾರಿ ಜಾಕೆಟ್ಟು, ನಗರದ ಇಂಗ್ಲಿಷು. ಕಥೆಯಲ್ಲಿ ಓದುಗರು ಬಯ್ಯುವುದಕ್ಕೆ ಒಬ್ಬರಿರಲಿ ಎಂದು. ನಿಜವಾದ ಕ್ಲೀನಾ ತೂತಾದ ಬೂಟು ಹಾಕಿಕೊಂಡು ಬಂದಿದ್ದಳು. ಅಟ್ರಾಕ್ಟಾ ಅವರ ಕೈಹಿಡಿದು ಹಳ್ಳ ದಾಟಿಸಿದಳು. ಸಸ್ಯಶಾಸ್ತ್ರ ಓದುವಾಗ ಅವರ ದಾಖಲೆಗಳನ್ನು ನೋಡಿಯೇ ಕಲಿತೆ ಎಂದಳು. ಇಂಥವಳನ್ನು ಇಟ್ಟುಕೊಂಡು ಏನು ಮಾಡುವುದು? ಇರಲಿ ಎಂದು ಬಿಟ್ಟಿದ್ದೇನೆ.

ಬಾರ್ಟ್ಲಿ ಫ್ಲಾಸ್ಕು ಹಿಡಿದುಕೊಂಡು ಹಿಂದೆ ಬಂದ. ಫೆಸ್ಟಿ ಬೇಲಿಯಾಚೆ ತನ್ನ ಕುರಿಗಳನ್ನು ನೋಡುತ್ತ ನಿಂತಿದ್ದ. ಕುರಿಗಳು ಅಂದು ಬೇರೆ ಹೊಲದಲ್ಲಿದ್ದವು.

೪

ಇಬ್ಬರೂ ಒದ್ದೆ ಪಾಚಿಯ ಮೇಲೆ ಮಂಡಿಯೂರಿದರು. ಮೊದಲು ಎಲೆ. ಅಡ್ಡೆಲೆಯದಾದರೆ ಎಲೆಯ ಅಂಚು ಒಳಕ್ಕೆ ಸುರುಳಿಯಾಗಿರುತ್ತದೆ, ಸೂಜಿಯಂತೆ ಕಿರಿದು, ಮೇಲೆಲ್ಲ ಬೂದು ರೋಮ. ಇದರ ಎಲೆ ಅಗಲವಾಗಿ, ಕಡುಹಸಿರಾಗಿ, ನುಣುಪಾಗಿತ್ತು. ಮಗುಚಿದರೆ ತಳದ ಬಿಳುಪು ಕಾಣುತ್ತಿತ್ತು. ಕ್ಲೀನಾ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ತಲೆಯಾಡಿಸಿದಳು. ಆಮೇಲೆ ಹೂವು. ಅಟ್ರಾಕ್ಟಾ ಅವರು ಒಂದು ಹೂವನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಸೂಜಿಯಿಂದ ಸೀಳಿದರು. ಒಳಗೆ ಸಾಸಿವೆಗಿಂತ ಚಿಕ್ಕ ಅಂಡಾಶಯ. ಅಡ್ಡೆಲೆಯದಾದರೆ ಅದರ ಮೇಲೆ ತುಪ್ಪುಳವಿರಬೇಕು.

“ನೋಡು” ಎಂದು ಅವರು ಉಗುರನ್ನು ಕ್ಲೀನಾಳ ಮೂಗಿಗೆ ಹಿಡಿದರು. “ತುಪ್ಪುಳ ಇದ್ಯಾ?”

“ಇಲ್ಲ ಮೇಡಂ. ಬೋಳು. ಮಕಾಯೇ.”

ಅಟ್ರಾಕ್ಟಾ ಅವರು ನನ್ನ ಕಡೆ ತಿರುಗಿ, ಸಾಕ್ಷಿಗೆ ಕೇಳಿಸಿತೇ ಎಂಬಂತೆ ಹುಬ್ಬೆತ್ತಿದರು. ಕೇಳಿಸಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಗಿಡ ಯಾವುದೆಂದು ಗೊತ್ತಾಯಿತು, ನಾಯಕಿ ಗೆದ್ದರು, ಫ್ಲಾಸ್ಕಿನಲ್ಲಿ ಚಹಾ ಇದೆ. ಆತುರದಲ್ಲಿರುವವರು ಇಲ್ಲೇ ಎದ್ದು ಹೋಗಿ, ತಪ್ಪೇನಿಲ್ಲ.

ಆದರೆ ಕ್ಲೀನಾಳಿಗೆ ಇನ್ನೊಂದು ಪ್ರಶ್ನೆಯಿತ್ತು. ಅವಳು ಬಹಳ ಹೊತ್ತು ಅದನ್ನು ಕೇಳದೆ ತಡೆದುಕೊಂಡಿದ್ದಳೆಂದು ನನಗೆ ಆಮೇಲೆ ಅನಿಸಿತು. ಮಕಾಯ್ ಹೀದರ್ ಈ ದೇಶದಲ್ಲಿ ಬೀಜ ಕಟ್ಟುವುದಿಲ್ಲ. ಹೂ ಬಿಡುತ್ತದೆ, ಉದುರುತ್ತದೆ, ಅಷ್ಟೇ. ಟೊಂಗೆ ನೆಲಕ್ಕೆ ತಾಗಿ ಬೇರು ಬಿಟ್ಟು ನಿಧಾನವಾಗಿ ಸುತ್ತ ಹರಡುತ್ತದೆ. ಹಾಗಿರುವಾಗ ಅದು ಗುಡ್ಡ ದಾಟಿ ಈಚೆಗೆ ಬಂದದ್ದು ಹೇಗೆ?

ಅಟ್ರಾಕ್ಟಾ ಅವರ ಬಳಿ ಉತ್ತರ ತಯಾರಿತ್ತು. ಕುರಿಯ ಉಣ್ಣೆಗೆ ಸಿಕ್ಕಿಕೊಂಡ ತುಂಡು. ಅಥವಾ ಹಿಮಯುಗದಿಂದಲೂ ಇಲ್ಲೇ ಇದ್ದು, ಯಾರ ಕಣ್ಣಿಗೂ ಬೀಳದೆ ಉಳಿದದ್ದು. ಇದನ್ನು ಅವರು ಪುಸ್ತಕದಲ್ಲೂ ಬರೆದಿದ್ದರು.

ಕ್ಲೀನಾ ಕೇಳಿಸಿಕೊಂಡಳು. ಪೊದೆಯ ನಟ್ಟನಡುವೆ, ಎಲ್ಲಕ್ಕಿಂತ ಹಳೆಯ ಕಾಂಡವಿದ್ದಲ್ಲಿ ಕೈಹಾಕಿ ಪಾಚಿ ಸರಿಸಿದಳು. ಕಾಂಡದ ಬುಡಕ್ಕೆ ನೀಲಿ ನೈಲಾನ್ ಹಗ್ಗವೊಂದು ಸುತ್ತಿಕೊಂಡಿತ್ತು. ಕಾಂಡ ದಪ್ಪವಾಗುತ್ತ ಬಂದು ಅದನ್ನು ಅರ್ಧ ನುಂಗಿತ್ತು. ತುದಿಯಲ್ಲಿ ಗಂಟಿತ್ತು.

ಬಾರ್ಟ್ಲಿ ಸಮುದ್ರದ ಕಡೆ ನೋಡುತ್ತಿದ್ದ. ಫೆಸ್ಟಿ ಇಲ್ಲದ ಕುರಿಗಳ ಕಡೆ ನೋಡುತ್ತಿದ್ದ. (ಆ ಹಗ್ಗ ಯಾರದೂ ಆಗಿರಬಹುದು. ಮೀನಿನ ಪೆಟ್ಟಿಗೆಗೂ ಅದೇ, ಟರ್ಫ್ ಚೀಲಕ್ಕೂ ಅದೇ, ಗೇಟಿಗೂ ಅದೇ. ಒಬ್ಬ ಮದುಮಗ ಅದನ್ನು ಬೆಲ್ಟಾಗಿ ಕಟ್ಟಿಕೊಂಡದ್ದನ್ನು ನಾನು ನೋಡಿದ್ದೇನೆ.)

“ನಾನು ಏನಂತ ಬರೆದುಕೊಳ್ಳಲಿ ಮೇಡಂ?” ಎಂದಳು ಕ್ಲೀನಾ ಮೆಲ್ಲಗೆ. “ಇಲ್ಲಿಯದೇ ಗಿಡ ಅಂತಲೋ, ತಂದು ನೆಟ್ಟದ್ದು ಅಂತಲೋ? ಈ ಜಿಲ್ಲೆ ನಿಮ್ಮದು. ನೀವೇ ಯೋಚನೆ ಮಾಡಿ ತಿಳಿಸಿ, ನಾನು ಹಾಗೇ ಬರೀತೀನಿ.”

‘ಇಲ್ಲಿಯದೋ, ತಂದದ್ದೋ’ ಎಂದಾಗ ಬಾರ್ಟ್ಲಿ ಯಾಕೋ ನನ್ನ ಕಡೆ ನೋಡಿದ. (ಇದನ್ನು ಹಿಡಿದು ಒಂದು ಇಡೀ ಪುಟ ಬರೆದಿದ್ದೆ. ವಲಸೆ, ಬೇರು, ಮಣ್ಣು ಇತ್ಯಾದಿ. ತೆಗೆದುಹಾಕಿದ್ದೇನೆ. ಬೇಕಾದವರು ನೀವೇ ಬರೆದುಕೊಳ್ಳಿ.)

೫

ಊರಿಗೆಲ್ಲ ಗೊತ್ತಾಗುವುದಕ್ಕೆ ಒಂದು ಸಂಜೆ ಸಾಕಾಯಿತು. ನಾನು ಹೇಳಲಿಲ್ಲ. ಆದರೆ ಮಾತ್ರೆ ಕೊಳ್ಳಲು ಬಂದವರು ಕೇಳಿದಾಗ ಇಲ್ಲ ಎನ್ನಲೂ ಇಲ್ಲ.

ಲವೆಲ್ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಏನಾಯಿತೆಂಬ ದೃಶ್ಯವನ್ನು ನಾನು ಮೂರು ಬಗೆಯಲ್ಲಿ ಬರೆದೆ. ಒಂದರಲ್ಲಿ ಅವರು ತಟ್ಟೆ ಒಡೆಯುತ್ತಾರೆ. ಒಂದರಲ್ಲಿ ಅವನು ಅಳುತ್ತಾನೆ. ಮೂರನೆಯದನ್ನು ಹೇಳುವುದಿಲ್ಲ, ಅದು ನನ್ನ ವಯಸ್ಸಿಗೆ ಸಲ್ಲುವಂಥದ್ದಲ್ಲ. ಮೂರನ್ನೂ ಅಟ್ರಾಕ್ಟಾ ಅವರು ತಳ್ಳಿಹಾಕಿದರು. ನಿಜವಾಗಿ ನಡೆದದ್ದು ಇಷ್ಟು ಎಂದು ಅಂಗಡಿಯ ಕೌಂಟರಿಗೆ ಒರಗಿಕೊಂಡು ಹೇಳಿದರು: ಊಟಕ್ಕೆ ಕೂತಾಗ ಅವರು ಗಂಡನನ್ನು, ನೀನು ನೆಟ್ಟಿದ್ದರೆ ನೆಟ್ಟೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು ಎಂದು ಕೇಳಿದರು.

ಬಾರ್ಟ್ಲಿ ಹೇಳಿದ್ದು: “ನೆಟ್ಟೆ ಅಂದ್ರೆ ನಿನ್ನ ಗಿಡ ಹೋಯ್ತು. ನೆಟ್ಟಿಲ್ಲ ಅಂದ್ರೆ ನೀನು ನಂಬಲ್ಲ. ಎರಡರಲ್ಲೂ ನನಗೆ ಬೈಗುಳವೇ ಗತಿ. ಆಲೂಗಡ್ಡೆ ಇತ್ಲಾಗೆ ಕೊಡು.”

ಅವರು ಆಲೂಗಡ್ಡೆ ಕೊಟ್ಟರು.

ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಅವರು ಕೆಮ್ಮಿನ ಔಷಧಿಯ ಬಾಟಲಿಗಳನ್ನು ಒಂದೊಂದಾಗಿ ನೇರ ಮಾಡುತ್ತ ನಿಂತರು. ಮೋಸ ಹೋದದ್ದಕ್ಕೆ ಬೇಸರವಿಲ್ಲ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಇದಕ್ಕಿಂತ ದೊಡ್ಡ ಮೋಸಗಳನ್ನು ನೋಡಿದ್ದೇನೆ ಎಂದರು. ಬೇಸರ ಬೇರೆಯದು.

“ಆ ಹೂವು ಸಿಗದೆ ಹೋಗಿದ್ರೆ ನಾನು ಡಬ್ಲಿನ್ನಿಗೆ ಹೋಗಿರ್ತಿದ್ದೆ. ಹೂವು ಸಿಕ್ತು ಅಂತ ಉಳ್ಕೊಂಡೆ. ಮನುಷ್ಯರ ಮಾತಿಗೆ ಉಳ್ಕೊಂಡವಳಲ್ಲ ನಾನು. ಗಿಡ ಸುಳ್ಳು ಹೇಳಲ್ಲ ಅಂತ ಉಳ್ಕೊಂಡೆ.”

ಡಬ್ಲಿನ್ನಿಗೆ ಹೋಗಿದ್ದರೆ ಚೆನ್ನಾಗಿರುತ್ತಿತ್ತೇ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಕಥೆಗಾರಳು ಕೇಳದಿದ್ದರೆ ನೀವು ನನ್ನನ್ನು ಬಿಡುತ್ತಿದ್ದಿರಾ?

“ಗೊತ್ತಿಲ್ಲ ಹುಡುಗಿ” ಎಂದರು. “ಅದನ್ನ ಗುರುತು ಹಿಡಿಯೋಕೆ ಯಾವ ಲಕ್ಷಣ ನೋಡ್ಬೇಕೋ ನನಗೆ ತಿಳಿಯಲ್ಲ.” (ನನಗೆ ಐವತ್ತು ದಾಟಿದೆ. ಅವರಿಗೆ ನಾನು ಹುಡುಗಿ.)

೬

ಗುರುವಾರ ಬಂತು. ಫೆಸ್ಟಿ ಬಂದ. ನಾನೂ ಇದ್ದೆ, ಮಂಡಿಗೆ ಹಚ್ಚುವ ಮುಲಾಮು ಕೊಡಲು ಹೋದವಳು ಚಹಾಕ್ಕೆಂದು ಕೂತಿದ್ದೆ.

ಬಾರ್ಟ್ಲಿ ಇಸ್ಪೀಟಿನ ಎಲೆ ಹಂಚಿದ. ಫೆಸ್ಟಿ ಎಲೆ ಎತ್ತಿಕೊಳ್ಳಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಆಮೇಲೆ ಒಲೆಯ ಬಳಿ ನಿಂತಿದ್ದ ಅಟ್ರಾಕ್ಟಾ ಅವರ ಕಡೆ ನೇರವಾಗಿ ತಿರುಗಿ ಮಾತಾಡಿದ.

“ಟೀಚರಮ್ಮ, ಅದನ್ನ ನೆಟ್ಟಿದ್ದು ನಾನು.”

ಬಾರ್ಟ್ಲಿಯ ಕೈಯಿಂದ ಎಲೆಗಳು ಜಾರಿದವು. ಮಾತು ಏನೆಂಬುದಕ್ಕಿಂತ, ಅದು ತನ್ನ ಮೂಲಕ ಹೋಗದೆ ನೇರವಾಗಿ ಹೋದದ್ದು ಅವನನ್ನು ಬೆಚ್ಚಿಸಿತೆಂದು ನನ್ನ ಊಹೆ.

ಫೆಸ್ಟಿ ವಿವರವಾಗಿ ಹೇಳಿದ. ಆ ಕಾಲದಲ್ಲಿ ಟಗರು ತರಲು ಗುಡ್ಡದಾಚೆ ಹೋಗಿದ್ದನಂತೆ. ಟೀಚರಮ್ಮ ಯಾವುದೋ ಹೂವು ಹುಡುಕುತ್ತಿದ್ದಾರೆಂದು ಊರಿಗೆಲ್ಲ ಗೊತ್ತಿತ್ತಂತೆ. ಒಂದು ಬುಡ ಕಿತ್ತು, ಹಗ್ಗ ಕಟ್ಟಿ ತಂದು, ತನ್ನ ಗುಂಡಿಯ ಪಕ್ಕದಲ್ಲೇ ನೆಟ್ಟನಂತೆ, ಅವರು ಆ ದಾರಿಯಾಗಿ ಬರಲಿ ಎಂದು. ಆಗ ತಾನೂ ಮದುವೆಯಾಗದವನು ಎಂಬುದನ್ನು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

“ಲೋ, ನೀನು ಯಾವಾಗ ಟಗರು ತಂದ್ಯೋ?” ಎಂದ ಬಾರ್ಟ್ಲಿ.

“ತಂದಿದ್ದೆ ಕಣೋ. ಸತ್ತೋಯ್ತು.”

“ಟಗರು ಗಾಡೀಲಿ ಇದ್ದಾಗ ಗಿಡ ಹೆಂಗೆ ತಂದೆ? ತಿಂದು ಹಾಕ್ತಿರ್ಲಿಲ್ವಾ?”

“ಮಡಿಲಲ್ಲಿ ಇಟ್ಕೊಂಡಿದ್ದೆ.”

ಅಟ್ರಾಕ್ಟಾ ಅವರು ಇಬ್ಬರ ಮಾತನ್ನೂ ತಡೆದರು. ಗುಡ್ಡದಿಂದ ತಂದು ಹಿತ್ತಲಲ್ಲಿ ನೀರಿಗೆ ಹಾಕಿಟ್ಟಿದ್ದ ಟೊಂಗೆಗಳನ್ನು ತೆಗೆದುಕೊಂಡು ಬಂದರು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಒಂದೊಂದರಲ್ಲಿ ಒಂದೊಂದು ಟೊಂಗೆ ಇಟ್ಟರು. ಎರಡಕ್ಕೂ ನಾಲ್ಕು ನಾಲ್ಕು ಎಲೆ. ಎರಡೂ ಗುಲಾಬಿ.

“ಇದರಲ್ಲಿ ಒಂದು ಅಡ್ಡೆಲೆ, ಒಂದು ಮಕಾಯ್. ನೀನು ತಂದು ನೆಟ್ಟಿದ್ದು ಯಾವುದು, ಫೆಸ್ಟಿ?”

ಫೆಸ್ಟಿ ಬಗ್ಗಿ ನೋಡಿದ. ಮೂಸಿದ. (ಮೂಸುವುದರಿಂದ ಪ್ರಯೋಜನವಿಲ್ಲ.) ಕೊನೆಗೆ ಧೈರ್ಯವಾಗಿ ಬೂದು ಎಲೆಯದರ ಮೇಲೆ ಬೆರಳಿಟ್ಟ. ಅದು ಅಡ್ಡೆಲೆ. ಅವನ ಮನೆಯ ಬಾಗಿಲಿಂದ ಸಮುದ್ರದ ತನಕ ಕಾಲಿಟ್ಟಲ್ಲೆಲ್ಲ ಇರುವಂಥದ್ದು.

ಅಟ್ರಾಕ್ಟಾ ಅವರು ಗಂಡನ ಕಡೆ ತಿರುಗಿದರು. “ನೀನು ಹೇಳು.”

“ಕನ್ನಡಕ ವ್ಯಾನಲ್ಲಿದೆ.”

“ಹೋಗಿ ತಗೊಂಡು ಬಾ.”

ಬಾರ್ಟ್ಲಿ ಏಳಲಿಲ್ಲ. ನೆಲದ ಮೇಲೆ ಬಿದ್ದ ಎಲೆಗಳನ್ನು ಆರಿಸಿಕೊಳ್ಳತೊಡಗಿದ. ಕನ್ನಡಕವಿಲ್ಲದೆಯೂ ಒಂದೂ ಬಿಡದೆ ಆರಿಸಿಕೊಂಡ.

ಅಟ್ರಾಕ್ಟಾ ಅವರು ಅವನನ್ನು ಬಹಳ ಹೊತ್ತು ನೋಡಿದರು. ಮತ್ತೆ ಕೇಳಲಿಲ್ಲ. ಫೆಸ್ಟಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

“ಫೆಸ್ಟಿ, ಸುಳ್ಳು ಯಾಕೆ ಹೇಳಿದೆ? ಯಾರೋ ತಂದು ನೆಟ್ಟದ್ದು ಅಂತ ಆದ್ರೆ ನಿನ್ನ ಗುಂಡಿ ನಿನಗೆ ವಾಪಸ್ ಬರಬಹುದು. ಅದಕ್ಕೆ ನೀನು ಸುಮ್ನೆ ಕೂತಿದ್ರೂ ಸಾಕಾಗಿತ್ತು.”

ಫೆಸ್ಟಿ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸಿದ.

“ಟೀಚರಮ್ಮ, ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡು ಬಂದೆ. ಅಭ್ಯಾಸ ಆಗಿದೆ. ನೀವೂ ಚೆನ್ನಾಗೇ ತಡ್ಕೊಂಡ್ರಿ. ಈಗ ಇದ್ದಕ್ಕಿದ್ದಂಗೆ ಆ ಸಿಟ್ಟನ್ನ ಇವನ ಮೇಲೆ ಹಾಕ್ಬೇಕು ಅಂದ್ರೆ ನಾನು ಏನು ಮಾಡ್ಲಿ? ನಮ್ಮವ್ವ ಚಳೀಲಿ ಕೂತಿದ್ದು ಇವನಿಂದ ಅಂತ ಆಗುತ್ತೆ. ನನಗೆ ಇಸ್ಪೀಟಾಡೋಕೆ ಇನ್ಯಾರೂ ಇಲ್ಲ.” ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿ ಹೇಳಿದ, “ಅದಕ್ಕಿಂತ ನಾನೇ ನೆಟ್ಟೆ ಅಂದ್ಕೊಳ್ಳೋದು ಸಲೀಸು. ನನ್ನ ಮೇಲೆ ನಾನು ಸಿಟ್ಟು ಮಾಡ್ಕೊಂಡ್ರೆ ಯಾರಿಗೂ ತೊಂದರೆ ಇಲ್ಲ.”

ಒಲೆಯಲ್ಲಿ ಏನೋ ಉಕ್ಕಿತು. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ನಾನು ಹೋಗಿ ಆರಿಸಿದೆ. ಕಥೆಯಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು.

ಬಾರ್ಟ್ಲಿ ಎಲೆಗಳನ್ನು ಮತ್ತೆ ಕಲೆಸಿದ. “ಆಡ್ತೀಯೋ, ಮನೆಗೆ ಹೋಗ್ತೀಯೋ?” ಎಂದು ಫೆಸ್ಟಿಯನ್ನು ಕೇಳಿದ. ಫೆಸ್ಟಿ ಎಲೆ ಎತ್ತಿಕೊಂಡ. ಅಟ್ರಾಕ್ಟಾ ಅವರು ಎರಡೂ ಟೊಂಗೆಗಳನ್ನು ಒಂದೇ ಲೋಟದ ನೀರಿಗೆ ಹಾಕಿ, “ನನಗೂ ಹಂಚು” ಎಂದರು. ಅವರಿಗೆ ಆಟ ಬರುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಂದು ಗೆದ್ದದ್ದೂ ಅವರೇ.

೭

ಇನ್ನು ಮುಕ್ತಾಯ. ನನ್ನ ಬಳಿ ಕೆಲವು ಇವೆ.

ಒಂದು: ಅಟ್ರಾಕ್ಟಾ ಅವರು ಗುಡ್ಡಕ್ಕೆ ಹೋಗಿ ಹಗ್ಗ ಕತ್ತರಿಸಿ ತಂದು ಒಲೆಗೆ ಹಾಕುತ್ತಾರೆ, ‘ಇಲ್ಲಿಯದೇ’ ಎಂದು ಬರೆಯುತ್ತಾರೆ. ಇದನ್ನು ಓದಿ ಹೇಳಿದಾಗ ಅವರು ನನ್ನ ಅಂಗಡಿಗೆ ಒಂದು ವಾರ ಬರಲಿಲ್ಲ. ಹೆಸರಿಗಾಗಿ ಸುಳ್ಳು ಬರೆಯುವವಳು ಎಂದುಕೊಂಡೆಯಾ ಎಂದು ಆಮೇಲೆ ಫೋನಿನಲ್ಲಿ ಕೇಳಿದರು.

ಇನ್ನೊಂದು: ಬಾರ್ಟ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಕೊನೆಯುಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಔಷಧಿ ಅಂಗಡಿಯವಳಾದ ನನಗೆ ಇದು ಸುಲಭ. ಆದರೆ ಅವನಿಗೆ ಹಟ ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಅದಕ್ಕೆ ಮಾತ್ರೆ ಬಂದಿಲ್ಲ.

ಮತ್ತೊಂದು: ನಿಜಕ್ಕೂ ಕುರಿಯೇ ತಂದದ್ದು, ಹಗ್ಗವೂ ಕುರಿಯ ಕೊರಳಿನದೇ. ಇದು ಫೆಸ್ಟಿಗೆ ಇಷ್ಟವಾಯಿತು. ಆದರೆ ಕುರಿ ಗಂಟು ಹಾಕಿದ್ದು ಹೇಗೆ ಎಂದು ಬಾರ್ಟ್ಲಿ ಕೇಳಿದ. ಆ ಪ್ರಶ್ನೆಯನ್ನು ಅವನೇ ಕೇಳಿದ್ದು ನನಗೆ ಸೋಜಿಗವಾಯಿತು.

ನಡೆದದ್ದು ಹೇಳುತ್ತೇನೆ. ಅಟ್ರಾಕ್ಟಾ ಅವರು ಕ್ಲೀನಾಗೆ ಬರೆದರು: ಗಿಡ ಮಕಾಯ್ ಹೀದರ್ ಎಂಬುದರಲ್ಲಿ ಸಂಶಯವಿಲ್ಲ, ಮನುಷ್ಯರ ಕೈಯಿಂದ ಬಂದದ್ದು, ಯಾರ ಕೈ ಎಂದು ತಿಳಿಯದು. ಪುಸ್ತಕದ ಮುಂದಿನ ಮುದ್ರಣದಲ್ಲಿ ಅವರ ಗಿಡದ ಮುಂದೆ ಒಂದು ನಕ್ಷತ್ರದ ಗುರುತು ಬರುತ್ತದೆ. ನಕ್ಷತ್ರ ಎಂದರೆ ಹೊರಗಿನಿಂದ ತಂದದ್ದು ಎಂದರ್ಥ. ಫೆಸ್ಟಿಯ ಗುಂಡಿಯನ್ನು ಬಿಟ್ಟುಕೊಡುವ ಬಗ್ಗೆ ಪರಿಶೀಲಿಸುತ್ತೇವೆ ಎಂದು ಕಚೇರಿಯವರು ಉತ್ತರಿಸಿದರು. ಪರಿಶೀಲನೆ ನ್ಯಾಯವಾಗಿ, ನಿಧಾನವಾಗಿ ನಡೆಯುತ್ತಿದೆ. ಫೆಸ್ಟಿಯ ಸೊಂಟ ಈಗ ಗುದ್ದಲಿಗೆ ಬಗ್ಗುವುದಿಲ್ಲ. ಗುಂಡಿ ಬಂದರೆ ತಾನು ಕೊಯ್ದುಕೊಡುತ್ತೇನೆ ಎಂದು ಬಾರ್ಟ್ಲಿ ಹೇಳಿದ್ದಾನೆ. ಗಿಡದ ಹತ್ತಿರ ಮಾತ್ರ ಗುದ್ದಲಿ ತಾಗಿಸಬೇಡ, ಅದು ತಾನು ನೆಟ್ಟದ್ದು ಎಂದು ಫೆಸ್ಟಿ ಈಗಲೂ ಸಾಧಿಸುತ್ತಾನೆ. ಸಕ್ಕರೆ ಕಮ್ಮಿಯಾದರೆ ಅಟ್ರಾಕ್ಟಾ ಅವರಿಗೇ ನೇರವಾಗಿ ಹೇಳುತ್ತಾನೆ. ಅವರು, ಜಾಸ್ತಿ ಸಕ್ಕರೆ ನಿನಗೆ ಆಗಬಾರದು ಎಂದು ನೇರವಾಗಿಯೇ ಬಯ್ಯುತ್ತಾರೆ.

ಇದು ಮುಕ್ತಾಯವಲ್ಲವೇ ಎಂದರೆ, ಅಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಟ್ರಾಕ್ಟಾ ಅವರು ಗಂಡನಿಗೆ ಗಾಡಿ ತೆಗೆ ಎಂದರು. ಗುಡ್ಡದಾಚೆ, ಕೆರೆಗಳ ಬಯಲಿಗೆ, ಮಕಾಯ್ ತಾನಾಗಿಯೇ ಬೆಳೆಯುವ ಕಡೆಗೆ ಹೋಗೋಣ ಎಂದರು. ಎಲ್ಲಿ ನಿಲ್ಲಿಸಬೇಕು ಎಂದು ಅವನು ಕೇಳಿದ. ನಿನಗೆ ಎಲ್ಲಿ ನಿಲ್ಲಿಸಬೇಕು ಅನಿಸುತ್ತದೋ ಅಲ್ಲಿ ನಿಲ್ಲಿಸು ಎಂದರು.

ಅಲ್ಲಿ ರಸ್ತೆ ಎಷ್ಟು ಕಿರಿದೆಂದರೆ ಎದುರಿನಿಂದ ಗಾಡಿ ಬಂದರೆ ಪಕ್ಕಕ್ಕೆ ನಿಲ್ಲಿಸಲೇಬೇಕು. ಎರಡೂ ಬದಿ ಬಯಲು, ಮೈಲಿಗಟ್ಟಲೆ ಒಂದೇ ಥರ. ಅವನು ಮೀನಿನ ಮಾತಾಡುತ್ತ ಹೋದನಂತೆ. ಒಂದು ತಿರುವು ಕಳೆದ ಮೇಲೆ ಗಾಡಿಯನ್ನು ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದನಂತೆ. ಅವರ ಕಿಟಕಿಯ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಮಕಾಯ್ ಅರಳಿತ್ತಂತೆ.

ಇಷ್ಟನ್ನು ಇಬ್ಬರೂ ಒಪ್ಪುತ್ತಾರೆ. ಉಳಿದದ್ದನ್ನು ನಾನು ಬೇರೆ ಬೇರೆಯಾಗಿ ಕೇಳಿದೆ.

ಅಲ್ಲೇ ಯಾಕೆ ನಿಲ್ಲಿಸಿದೆ ಎಂದು ಬಾರ್ಟ್ಲಿಯನ್ನು ಕೇಳಿದೆ. “ಲಾರಿ ಬಂತಲ್ಲಮ್ಮ ಎದುರಿಗೆ. ನಿಲ್ಲಿಸ್ದೆ ಏನು ಮಾಡ್ಲಿ?” ಎಂದ.

ಮರುದಿನ ಅಟ್ರಾಕ್ಟಾ ಅವರು ಮುಲಾಮಿಗೆ ಬಂದಾಗ, ಲಾರಿ ದಾಟಿಹೋದ ಮೇಲೆ ಏನಾಯಿತು ಎಂದು ಕೇಳಿದೆ. ಅವರು ಮುಲಾಮನ್ನು ಚೀಲಕ್ಕೆ ಹಾಕಿಕೊಂಡು, ಚೀಲದ ಬಾಯಿ ಮುಚ್ಚಿ, ನನ್ನನ್ನು ನೋಡಿದರು.

“ಯಾವ ಲಾರಿ?” ಎಂದರು.